ಡಾಕ್ಸ್ ಬದಲಾದರೆ ಸ್ಲ್ಯಾಕ್‌ಗೆ ಮೆಸೇಜ್: ಸರಿ ಮಾಡಿದ್ದು ಹೀಗೆ

ಕೋಡ್ ಇಡುವ ಗಿಟ್‌ಹಬ್‌ನ ಎಲ್ಲ ಕಮಿಟ್‌ಗಳನ್ನೂ, ಅಂದರೆ ಉಳಿಸಿದ ಪ್ರತಿ ಬದಲಾವಣೆಯನ್ನೂ, ತಂಡದ ಚಾಟ್ ಆ್ಯಪ್ ಸ್ಲ್ಯಾಕ್‌ನ ಚಾನೆಲ್‌ಗೆ ಬಿಟ್ಟರೆ ಸುಮ್ನೆ ಗದ್ದಲ, ಎಲ್ಲರೂ ಮ್ಯೂಟ್ ಮಾಡಿಬಿಡುತ್ತಾರೆ. ನಮಗೆ ಡಾಕ್ಸ್ (ಪ್ರಾಜೆಕ್ಟ್ ಬಗ್ಗೆ ವಿವರಿಸುವ ಪುಟಗಳು) ಬದಲಾದದ್ದು ಮಾತ್ರ ಗೊತ್ತಾದರೆ ಸಾಕಿತ್ತು. ಅದಕ್ಕೆ ಸ್ಲ್ಯಾಕ್‌ನಲ್ಲಿ ಒಂದು ಇನ್‌ಕಮಿಂಗ್ ವೆಬ್‌ಹುಕ್ (ಹೊರಗಿನಿಂದ ಚಾನೆಲ್‌ಗೆ ಮೆಸೇಜ್ ಹಾಕಲು ಸಿಗುವ ವಿಳಾಸ) ಮಾಡಿಕೊಂಡು, ಅದರ ಯುಆರ್‌ಎಲ್ ಅನ್ನು ಗುಟ್ಟಿನ ಮಾಹಿತಿ ಇಡುವ ಗಿಟ್‌ಹಬ್ ಸೀಕ್ರೆಟ್ಸ್‌ನಲ್ಲಿಟ್ಟು (ಕೋಡ್‌ನಲ್ಲಿ ಹಾಕಬೇಡಿ, ಅದು ಸಿಕ್ಕಿದವರು ಯಾರು ಬೇಕಾದರೂ ನಿಮ್ಮ ಚಾನೆಲ್‌ಗೆ ಬರೆಯಬಹುದು), ಡಾಕ್ಸ್ ಫೋಲ್ಡರ್ ಬದಲಾದಾಗ ಮಾತ್ರ ಓಡುವ ಹಾಗೆ ಗಿಟ್‌ಹಬ್‌ನ ಆಕ್ಷನ್ಸ್ ವರ್ಕ್‌ಫ್ಲೋಗೆ (ತಾನಾಗಿ ನಡೆಯುವ ಕೆಲಸಗಳ ಪಟ್ಟಿ) ಪಾತ್ಸ್ ಫಿಲ್ಟರ್ ಕೊಟ್ಟೆ. ಉಳಿದದ್ದು ಕರ್ಲ್ ಕಮಾಂಡ್‌ನಲ್ಲಿ ಆ ಯುಆರ್‌ಎಲ್‌ಗೆ ಜೇಸನ್ ರೂಪದಲ್ಲಿ ಮೆಸೇಜ್ ಪೋಸ್ಟ್ ಮಾಡುವುದು, ಅಷ್ಟೇ.

ಆದರೂ ಕೆಲವು ಬದಲಾವಣೆಗಳಿಗೆ ಮೆಸೇಜ್ ಬರಲೇ ಇಲ್ಲ. ಲಾಗ್ ನೋಡಿದರೆ ಯುಆರ್‌ಎಲ್ ಖಾಲಿ! ಫೋರ್ಕ್‌ನಿಂದ (ಬೇರೆಯವರು ಮಾಡಿಕೊಂಡ ನಕಲಿನಿಂದ) ಬಂದ ಪುಲ್ ರಿಕ್ವೆಸ್ಟ್‌ಗೆ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗೆ) ಸೀಕ್ರೆಟ್ಸ್ ಸಿಗುವುದಿಲ್ಲ. ಸುರಕ್ಷತೆ ದೃಷ್ಟಿಯಿಂದ ಅದು ಸರಿಯೇ ಬಿಡಿ. ಅದಕ್ಕೇ ವರ್ಕ್‌ಫ್ಲೋ ಶುರು ಮಾಡುವ ಟ್ರಿಗರ್ ಅನ್ನು ಪುಲ್ ರಿಕ್ವೆಸ್ಟ್‌ನಿಂದ ಮೇನ್ ಬ್ರಾಂಚ್‌ನ (ಮುಖ್ಯ ಪ್ರತಿಯ) ಪುಶ್‌ಗೆ ಬದಲಿಸಿದೆ. ಈಗ ಬದಲಾವಣೆ ಅದರಲ್ಲಿ ಮರ್ಜ್ ಆದ (ಸೇರಿದ) ಮೇಲೆ ಮೆಸೇಜ್ ಬರುತ್ತದೆ, ನಮಗೆ ಬೇಕಿದ್ದದ್ದೂ ಅದೇ ಅಲ್ವಾ.