ಹೊಳೆ ನೀರಿನ ಸ್ಯಾಂಪಲ್ ಹಿಡಿಯುವುದು ಹೀಗೆ

ಮಳೆಗಾಲ ಶುರುವಾದರೆ ಸಾಕು, ಪ್ರಾಜೆಕ್ಟ್ ಮಾಡುವ ಹುಡುಗ ಹುಡುಗಿಯರು ಶ್ರೀರಂಗಪಟ್ಟಣಕ್ಕೆ ಬರುತ್ತಾರೆ. ಬ್ಯಾಗಿನಲ್ಲಿ ದುಬಾರಿ ಮೀಟರ್, ಕೈಯಲ್ಲಿ ಕುಡಿದು ಖಾಲಿಯಾದ ನೀರಿನ ಬಾಟಲಿ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ತುಂಬಿಕೊಂಡು ಹೊರಟುಬಿಡುತ್ತಾರೆ. ಹೊಳೆಯ ಹೂಳು, ನೀರಿನ ಗುಣ ಅಳೆಯುವುದೇ ನನ್ನ ಕೆಲಸ. ಹಿಡಿಯುವಾಗ ಕೆಟ್ಟ ಸ್ಯಾಂಪಲನ್ನು ಯಾವ ಲ್ಯಾಬೂ ಸರಿ ಮಾಡಲಾರದು.

ಮೊದಲು ಜಾಗ. ದಡದ ಪಕ್ಕ ಬೇಡ, ನಿಂತ ನೀರು ಬೇಡ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವ ಕಡೆಯೂ ಬೇಡ, ಅದನ್ನೇ ಅಳೆಯಲು ಬಂದಿದ್ದರೆ ಬೇರೆ ಮಾತು. ಕರಿಘಟ್ಟದ ಹತ್ತಿರ ಲೋಕಪಾವನಿ ಕಾವೇರಿಗೆ ಸೇರುತ್ತದೆ. ಗದ್ದೆಗಳ ಬಸಿನೀರೂ ಅದರ ಜೊತೆ ಬರುತ್ತದೆ. ಎರಡು ಹೊಳೆ ಸೇರಿದ ತಕ್ಷಣ ನೀರು ಬೆರೆಯುವುದಿಲ್ಲ, ಸ್ವಲ್ಪ ದೂರ ಅಕ್ಕಪಕ್ಕವೇ ಹರಿಯುತ್ತದೆ. ಹಾಗಾಗಿ ಸೇರುವ ಜಾಗಕ್ಕಿಂತ ಮೇಲೊಂದು ಸ್ಯಾಂಪಲ್, ಚೆನ್ನಾಗಿ ಬೆರೆತ ಮೇಲೆ ಕೆಳಗೊಂದು.

ಸೇತುವೆ ಸಿಕ್ಕರೆ ಅನುಕೂಲ. ನೀರು ಬರುವ ಕಡೆ ನಿಂತು, ಎರಡು ಕಂಬಗಳ ನಡುವೆ ಬಾಟಲಿ ಇಳಿಬಿಡಿ. ಇಲ್ಲದಿದ್ದರೆ ತೆಪ್ಪದವರನ್ನು ಕೇಳಿ. ‘ಅಣ್ಣಾ, ನಡುಹೊಳೇಲಿ ಒಂದೈದು ನಿಮಿಷ ನಿಲ್ಸಿ’ ಅಂದರೆ ನಿಲ್ಲಿಸುತ್ತಾರೆ. ಎಲ್ಲಿ ಮಡು, ಎಲ್ಲಿ ಬಂಡೆ ಅಂತ ಅವರಿಗೇ ಜಾಸ್ತಿ ಗೊತ್ತು. ಸುಮ್ನೆ ನೀರಿಗಿಳಿದು ನಡೆಯಬೇಡಿ. ರಂಗನತಿಟ್ಟಿನ ಮೊಸಳೆಗಳಿಗೆ ಯಾರೂ ಬೇಲಿ ಹಾಕಿಲ್ಲ. ಕೆಆರ್‌ಎಸ್‌ನಿಂದ ನೀರು ಬಿಡುತ್ತಾರಾ ಅಂತಲೂ ಮೊದಲೇ ವಿಚಾರಿಸಿ.

ಹೂಳು ಅಳೆಯಲು ಹೊಳೆಯ ಅಗಲದಲ್ಲಿ ಕನಿಷ್ಠ ಮೂರು ಕಡೆ ಹಿಡಿಯಬೇಕು. ನುಣ್ಣನೆಯ ಜೇಡಿ ಮೇಲಿಂದ ಕೆಳತನಕ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ, ಮರಳು ತಳದ ಹತ್ತಿರವೇ ಜಾಸ್ತಿ. ಅದಕ್ಕೇ ಆಳದ ಹತ್ತರಲ್ಲಿ ಆರು ಪಾಲು ಇಳಿದು ಹಿಡಿಯುವುದು ರೂಢಿ. 3 ಮೀಟರ್ ಆಳವಿದ್ದರೆ ಮೇಲಿಂದ 1.8 ಮೀಟರ್. ಬಾಟಲಿ ತುಂಬಿದ ಕೂಡಲೇ ಎತ್ತಿ. ಬಾಯಿ ತೆರೆದು ಅಲ್ಲೇ ಬಿಟ್ಟರೆ ನೀರು ಒಳಗೆ ಹೋಗಿ ಹೊರಗೆ ಬರುತ್ತಿರುತ್ತದೆ, ಮರಳು ಮಾತ್ರ ಒಳಗೇ ಕೂರುತ್ತದೆ. ಹೊಳೆಯಲ್ಲಿಲ್ಲದ ಹೂಳು ನಿಮ್ಮ ಲೆಕ್ಕದಲ್ಲಿ ಕಾಣುತ್ತದೆ.

ಲ್ಯಾಬಿನಲ್ಲೂ ಅರ್ಧ ಬಗ್ಗಿಸಿ ಅರ್ಧ ಬಿಡಬೇಡಿ. ಇಡೀ ಬಾಟಲಿ ಸೋಸಿ, ತಳಕ್ಕೆ ಅಂಟಿದ್ದನ್ನೂ ತೊಳೆದು ಹಾಕಿ, 105 ಡಿಗ್ರಿಯಲ್ಲಿ ಒಣಗಿಸಿ ತೂಗಿ. ಬಗ್ಗಡ ತಾನಾಗೇ ತಿಳಿಯಾಗಲಿ ಅಂತ ಕಾದರೆ ಕಾಯುತ್ತಲೇ ಇರಬೇಕು. 0.002 ಮಿಲಿಮೀಟರ್‌ನ ಜೇಡಿ ಕಣ ನಿಂತ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು ಏಳೆಂಟು ಗಂಟೆ ಬೇಕು.

ನೀರಿನಲ್ಲಿ ಕರಗಿದ ಆಮ್ಲಜನಕ ನೋಡುವ ಬಾಟಲಿ ಇನ್ನೂ ನಾಜೂಕು. ಗಾಜಿನ ಬಿರಡೆ ಹಾಕಿದ ಮೇಲೆ ತಲೆಕೆಳಗು ಮಾಡಿ ನೋಡಿ. ಒಂದು ಗುಳ್ಳೆ ಓಡಾಡಿದರೂ ಚೆಲ್ಲಿ, ಮತ್ತೆ ಹಿಡಿಯಿರಿ. ಮ್ಯಾಂಗನೀಸ್ ಸಲ್ಫೇಟ್, ಕ್ಷಾರದ ಅಯೋಡೈಡ್ ದ್ರಾವಣ ಎರಡನ್ನೂ ದಡದಲ್ಲೇ ಬಾಟಲಿಗೆ ಹಾಕಬೇಕು. ಕಂದು ಬಣ್ಣದ ಗಸಿ ಬಂದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಮೀನಿಗೆ ಉಸಿರಿಲ್ಲ. ಸ್ನಾನಕ್ಕೆ ಯೋಗ್ಯ ಅನ್ನಬೇಕಾದರೆ ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು. ಹೊತ್ತನ್ನೂ ಬರೆದಿಡಿ. ಪಾಚಿ, ಜೊಂಡು ಇರುವ ಕಡೆ ಬೆಳಗಿನ ಜಾವ ಕಮ್ಮಿ, ಮಧ್ಯಾಹ್ನ ಜಾಸ್ತಿ ಬರುತ್ತದೆ.

ರಾಸಾಯನಿಕ ಪರೀಕ್ಷೆಯ ಬಾಟಲಿಯನ್ನು ಅದೇ ಹೊಳೆ ನೀರಿನಲ್ಲಿ ಮೂರು ಸಲ ತೊಳೆಯಿರಿ. ಕೋಲಿಫಾರ್ಮ್ ಅನ್ನುವ ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡುವ ಸ್ಟೆರೈಲ್ (ಸೂಕ್ಷ್ಮಾಣುಗಳಿಲ್ಲದ) ಬಾಟಲಿ ಮಾತ್ರ ತೊಳೆಯಲೇಬಾರದು. ಅದು ಐಸ್ ಡಬ್ಬದಲ್ಲಿ ಹೋಗಲಿ, ಆದಷ್ಟು ಬೇಗ. ಹೆಸರು, ಗಂಟೆ ಎಲ್ಲ ಬಾಟಲಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆಯುವವರ ಜೊತೆ ನನಗೆ ಜಗಳ ತಪ್ಪಿದ್ದಲ್ಲ. ಮುಚ್ಚಳ ಅದಲುಬದಲಾದರೆ ಕಥೆ ಮುಗಿಯಿತು, ಅಲ್ವಾ?

ಇನ್ನು ಲೆಕ್ಕ. ಹೊಳೆಯಲ್ಲಿ 10,000 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 283 ಘನ ಮೀಟರ್ ನೀರು. ಲೀಟರಿಗೆ ಬರೀ 50 ಮಿಲಿಗ್ರಾಂ ಹೂಳಿದ್ದರೂ ದಿನಕ್ಕೆ ಸುಮಾರು 1,220 ಟನ್ ಆಗುತ್ತದೆ. ಕಣ್ಣಿಗೆ ಆ ನೀರು ಅಂಥ ಬಗ್ಗಡವೇನೂ ಕಾಣುವುದಿಲ್ಲ. ಮೇಲಿಂದ ಬಂದ ಹೂಳಿನ ಬಹುಪಾಲು ಕೆಆರ್‌ಎಸ್ ಹಿಂದೆಯೇ ಕೂತಿರುತ್ತದೆ, ಅದೂ ನೆನಪಿರಲಿ. ಹರಿವಿನ ಅಂಕಿಯನ್ನು ಪೇಪರಿನಿಂದ ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿನ ‘ಹೊರಹರಿವಿ’ನಲ್ಲಿ ನಾಲೆಗೆ ಬಿಟ್ಟ ನೀರೂ ಸೇರಿರಬಹುದು. ಹೊಳೆಗೆ ಎಷ್ಟು ಬಿಟ್ಟರು ಅಂತ ಬೇರೆಯಾಗಿ ಕೇಳಿ ಬರೆದುಕೊಳ್ಳಿ.