ಎರೆ ನೆಲದ ಮೇಲೆ ಮನೆ, ಮಠದ ಭವನಕ್ಕೂ ಅದೇ ಲೆಕ್ಕ

ದಾವಣಗೆರೆಯಲ್ಲಿ ಮನೆ ಕಟ್ಟಿಸಿಕೊಡುವವರು ಮೊದಲು ನೋಡಬೇಕಾದ್ದು ಮಣ್ಣು. ಭದ್ರಾ ನಾಲೆಯ ನೀರು ಹರಿದ ಎಷ್ಟೋ ಕಡೆ ನಿನ್ನೆಯ ಗದ್ದೆ ಇಂದಿನ ಲೇಔಟ್ ಆಗಿದೆ, ಬಹಳಷ್ಟು ಕಡೆ ಕೆಳಗಿರುವುದು ಕಪ್ಪು ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಕಂಡರೆ ಸಿಮೆಂಟನ್ನು ದೂರುವ ಮೊದಲು ಪಾಯವನ್ನು ಅನುಮಾನಿಸಬೇಕು.

ಸೈಟಿನ ಎದುರುಬದುರು ಮೂಲೆಗಳಲ್ಲಿ ಆರಡಿ ಗುಂಡಿ ತೆಗೆಸಿ, ಮೂರಡಿ ಮತ್ತು ಆರಡಿ ಆಳದ ಮಣ್ಣನ್ನು ಬೇರೆ ಬೇರೆ ಚೀಲಕ್ಕೆ ತುಂಬಿಸಿ ಲ್ಯಾಬಿಗೆ ಕಳಿಸುತ್ತೇನೆ. ಅಲ್ಲಿ ಮಾಡುವ ಉಬ್ಬರ ಪರೀಕ್ಷೆ ಸರಳ. 425 ಮೈಕ್ರಾನ್ ಜರಡಿಯಿಂದ ಕೆಳಗಿಳಿದ ಒಣ ಮಣ್ಣು 10 ಗ್ರಾಂನಂತೆ ಎರಡು ಅಳತೆ ಜಾಡಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿ.ಲೀ. ಇದ್ದದ್ದು ನೀರಿನಲ್ಲಿ 16 ಆದರೆ ಉಬ್ಬರ ಶೇ. 60. ಶೇ. 50 ದಾಟಿದ ಮಣ್ಣಿನ ಮೇಲೆ ಮಾಮೂಲಿ ಸೈಜುಗಲ್ಲಿನ ಪಾಯ ಹಾಕಲು ನಾನು ಒಪ್ಪುವುದಿಲ್ಲ.

ಐದಾರು ಅಡಿಯೊಳಗೆ ಗಟ್ಟಿ ಗರಸು ಸಿಕ್ಕರೆ ಕಾಲಂ ಕೆಳಗಿನ ಅಗಲ ಬುಡವನ್ನು, ಅಂದರೆ ಫುಟಿಂಗನ್ನು, ಅಲ್ಲಿಗೇ ಇಳಿಸುತ್ತೇನೆ. ಸಿಗದಿದ್ದರೆ ಅಂಡರ್ ರೀಮ್ ಪೈಲ್, ಅಂದರೆ ನೆಲ ಕೊರೆದು ಹಾಕುವ, ಬುಡದಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬ. ಕಂಬದ ಅಡ್ಡಳತೆ 10 ಇಂಚು, ಬುಡದ ಉಬ್ಬು ಅಥವಾ ಬಲ್ಬು ಅದರ ಎರಡೂವರೆ ಪಟ್ಟು, ಅಂದರೆ 25 ಇಂಚು, ಆಳ ಹನ್ನೊಂದೂವರೆ ಅಡಿಯ ಸುಮಾರು. ಬಲ್ಬು ಮಣ್ಣು ಬಿರಿಯುವ ಪದರಕ್ಕಿಂತ ಕೆಳಗಿರಲೇಬೇಕು, ಮನೆಯನ್ನು ಹಿಡಿದು ನಿಲ್ಲಿಸುವುದು ಅದೇ. ಎಷ್ಟು ಪೈಲ್, ಎಷ್ಟು ಕಬ್ಬಿಣ ಎಂಬುದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಬರೆದುಕೊಡಬೇಕು, ಮೇಸ್ತ್ರಿಯ ಅಂದಾಜಿಗೆ ಬಿಡಬಾರದು. ಕೊರೆದ ಗುಂಡಿಗೆ ಅದೇ ದಿನ ಕಾಂಕ್ರೀಟ್ ಬೀಳಬೇಕು, ರಾತ್ರಿ ಬಿಟ್ಟರೆ ಪಕ್ಕದ ಮಣ್ಣು ಕುಸಿದು ಬಲ್ಬಿನ ಜಾಗವನ್ನು ತುಂಬುತ್ತದೆ.

ಹೆಚ್ಚಿನವರು ತಪ್ಪುವುದು ಪ್ಲಿಂತ್ ಬೀಮಿನಲ್ಲಿ, ಅಂದರೆ ನೆಲಮಟ್ಟದಲ್ಲಿ ಗೋಡೆ ಹೊರುವ ಕಾಂಕ್ರೀಟ್ ತೊಲೆಯಲ್ಲಿ. ಪೈಲ್ ಸರಿಯಾಗಿ ಹಾಕಿ ಬೀಮನ್ನು ಎರೆಯ ಮೇಲೇ ಮಲಗಿಸಿಬಿಡುತ್ತಾರೆ. ಮಳೆ ಬಂದಾಗ ಮಣ್ಣು ಬೀಮನ್ನು ಕೆಳಗಿನಿಂದ ಎತ್ತುತ್ತದೆ, ಖರ್ಚೆಲ್ಲ ನೀರುಪಾಲು. ಬೀಮಿನ ಕೆಳಗೆ ಕನಿಷ್ಠ 3 ಇಂಚು ಖಾಲಿ ಜಾಗ ಇರಬೇಕು. ಮನೆಯೊಳಗಿನ ನೆಲದ ಎರೆಯನ್ನು ತೆಗೆದು ಹೊರಸಾಗಿಸಿ, ಗರಸನ್ನು ಆರಾರು ಇಂಚಿನ ಪದರವಾಗಿ ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಹೊಡೆಸಬೇಕು. ಮನೆಯ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿದರೆ ಪಾಯದ ಬಳಿ ನೀರು ನಿಲ್ಲದು.

ಗುದ್ದಲಿ ಪೂಜೆಯನ್ನು ಭಕ್ತಿಯಿಂದಲೇ ಮಾಡಿಸುತ್ತೇನೆ. ಆದರೆ ಈಶಾನ್ಯದ ಗುಂಡಿಯಲ್ಲೇ ಕಾಲಂ ಬರುವುದಿದ್ದರೆ ತೆಂಗಿನಕಾಯಿ, ಹೂವು, ಅಕ್ಕಿ ಅಲ್ಲಿ ಉಳಿಯಬಾರದು, ಕೊಳೆತರೆ ಫುಟಿಂಗಿನ ಕೆಳಗೆ ಪೊಳ್ಳಾಗುತ್ತದೆ. ಪೂಜೆ ಮುಗಿದ ಮೇಲೆ ಪ್ರಸಾದವನ್ನು ಎತ್ತಿಟ್ಟು, ನಾಣ್ಯ, ಪಂಚಲೋಹವನ್ನಷ್ಟೇ ಬಿಟ್ಟು ಬೆಡ್ ಕಾಂಕ್ರೀಟ್ ಹಾಕುತ್ತೇವೆ. ಕಾರಣ ಹೇಳಿದರೆ ಪುರೋಹಿತರಾಗಲಿ ಮಠದಿಂದ ಬಂದ ಅಯ್ಯನವರಾಗಲಿ ಬೇಡವೆನ್ನುವುದಿಲ್ಲ.

ತಿಂಗಳ ಲೆಕ್ಕ ಹೀಗೆ. ಪುಷ್ಯದಲ್ಲಿ ಯಾರೂ ಶುರು ಮಾಡುವುದಿಲ್ಲ, ಮಾಘ ಬಂದಾಗ ಎರೆ ಒಣಗಿರುತ್ತದೆ. ಆಗ ಪಾಯ ಹಿಡಿದರೆ ಮುಂಗಾರಿಗೆ ಮೊದಲು ಪ್ಲಿಂತ್ ಮುಗಿಯುತ್ತದೆ. ಆಷಾಢದಲ್ಲಿ ಹೊಸ ಪೂಜೆ ಇಲ್ಲದ್ದರಿಂದ ಗಾರೆಯವರು ಸುಲಭವಾಗಿ ಸಿಗುತ್ತಾರೆ, ಒಳಗಿನ ಪ್ಲಾಸ್ಟರಿಗೆ ಅದೇ ಸಮಯ. 30x40 ಸೈಟಿನ ಒಂದಂತಸ್ತಿನ ಮನೆಗೆ ಕಾರ್ತೀಕದ ಗೃಹಪ್ರವೇಶ ಸರಿಹೊಂದುತ್ತದೆ. ಮುಹೂರ್ತ ಇಟ್ಟುಕೊಂಡು ಹಸಿ ಪ್ಲಾಸ್ಟರಿನ ಮೇಲೆ ಪುಟ್ಟಿ ಎಳೆದರೆ ಬಣ್ಣ ಹಪ್ಪಳದಂತೆ ಏಳುತ್ತದೆ. ಹಾಗಾಗಿ ಮಾಲೀಕರು ಪಂಚಾಂಗ ತೆಗೆಯುವ ದಿನವೇ ನಾನೂ ಕೂತು, ದಿನಾಂಕದಿಂದ ಹಿಂದಕ್ಕೆ ಎಣಿಸುತ್ತೇನೆ.

ಮೋಲ್ಡಿಗೆ, ಅಂದರೆ ತಾರಸಿಯ ಕಾಂಕ್ರೀಟಿಗೆ, ಸಿಮೆಂಟ್, ಮರಳು, ಜೆಲ್ಲಿ 1:1.5:3 ಮಿಶ್ರಣ, ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು. ಬುಟ್ಟಿಯಲ್ಲಿ ಅಂದಾಜಿಗೆ ಸುರಿಯದೆ, ಚೀಲದಷ್ಟೇ ಹಿಡಿಯುವ, ಅಂದರೆ 35 ಲೀಟರಿನ ಡಬ್ಬದಲ್ಲಿ ಮರಳು, ಜೆಲ್ಲಿ ಅಳೆಯಬೇಕು. ಇಲ್ಲಿನ ಮಾರ್ಚ್-ಏಪ್ರಿಲ್ ಬಿಸಿಲಿಗೆ ಬೆಳಗ್ಗೆಯೇ ಶುರು ಮಾಡಿ, ಮರುದಿನ ಪಾತಿ ಕಟ್ಟಿ ಎರಡಿಂಚು ನೀರು ನಿಲ್ಲಿಸಬೇಕು. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ ಕನಿಷ್ಠ, ನಾನು 14 ಇಡಿಸುತ್ತೇನೆ. ಮೋಲ್ಡಿಗೆ ನೀರು ಕಟ್ಟುವವರು ಕಾಲಂ ಮರೆಯುತ್ತಾರೆ, ಅದಕ್ಕೆ ಗೋಣಿತಾಟು ಸುತ್ತಿಸಿ ಹೊತ್ತು ಹೊತ್ತಿಗೆ ನೆನೆಸಬೇಕು.

ಹಣದ ಶಿಸ್ತು ಇಲ್ಲದ ಬಿಲ್ಡರ್ ಎಷ್ಟು ದೇವರಿಗೆ ಕೈಮುಗಿದರೂ ಒಂದು ಮನೆಯ ದುಡ್ಡಲ್ಲಿ ಇನ್ನೊಂದು ಮನೆಯ ಪಾಯ ತೋಡುತ್ತಾನೆ. ಮನೆ ಕೊಳ್ಳುವವರ ಹಿತಕ್ಕಿರುವ ರಿಯಲ್ ಎಸ್ಟೇಟ್ ಕಾಯ್ದೆ, ರೇರಾ, 500 ಚದರ ಮೀಟರ್ ಜಾಗ ಅಥವಾ ಎಂಟು ಮನೆ ಮೀರಿದ ಯೋಜನೆಗೆ ಗ್ರಾಹಕರ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಡಲು ಹೇಳುತ್ತದೆ. ಒಂಟಿ ಮನೆಗೆ ಅದು ಅನ್ವಯಿಸದಿದ್ದರೂ ಪ್ರತಿ ಮನೆಗೆ ಬೇರೆ ಖಾತೆ ತೆರೆಯುವುದು ನನ್ನ ಪದ್ಧತಿ. ಅಗ್ರಿಮೆಂಟಿಗೆ ಶೇ. 10, ಪ್ಲಿಂತ್ ಆದಾಗ 20, ಮೋಲ್ಡಿಗೆ 25, ಗೋಡೆ-ಪ್ಲಾಸ್ಟರಿಗೆ 20, ನೆಲ-ಬಾಗಿಲು-ವೈರಿಂಗಿಗೆ 15, ಬೀಗದ ಕೈ ಕೊಡುವಾಗ ಉಳಿದ 10.

ಚಿತ್ರದುರ್ಗದಲ್ಲಿ ಕೆಲಸ ಹಿಡಿಯುವವರಿಗೆ ಒಂದು ಮಾತು. ಕೋಟೆ ಸಂರಕ್ಷಿತ ಸ್ಮಾರಕ. ಅದರ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಮುಂದಿನ 200 ಮೀಟರಿಗೆ ಅನುಮತಿ ಬೇಕು. ಸೈಟ್ ಅಗ್ಗಕ್ಕೆ ಸಿಕ್ಕಿತೆಂದು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಅಳೆಯಿರಿ.

ಕೆಲಸಗಾರರ ಬಟವಾಡೆ ವಾರ ತಪ್ಪಬಾರದು. ಜೊತೆಗೆ, 18ರಿಂದ 60 ವರ್ಷದೊಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಸಿಗುತ್ತದೆ. ದುಡಿದ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ನಮ್ಮ ಕೆಲಸ. ಕಟ್ಟಡದ ವೆಚ್ಚದ ಮೇಲೆ ನಾವು ಕಟ್ಟುವ ಶೇ. 1ರ ಸೆಸ್ ಅವರಿಗಾಗಿಯೇ ಇರುವ ಹಣ. ಹಾಜರಿ ಪುಸ್ತಕ ಇಟ್ಟವರಿಗೆ ಇದು ಐದು ನಿಮಿಷದ ಕೆಲಸ.

ಮಠ, ದೇವಸ್ಥಾನ, ಸಮುದಾಯ ಭವನದ ಕೆಲಸ ನಮ್ಮಂಥವರನ್ನು ಹುಡುಕಿಕೊಂಡು ಬರುತ್ತದೆ, ಬರಲಿ. ಸಮಿತಿಯಲ್ಲಿ ಕೂತರೆ ನಾನು ಗುತ್ತಿಗೆ ಹಿಡಿಯುವುದಿಲ್ಲ, ಗುತ್ತಿಗೆ ಹಿಡಿದರೆ ಸಮಿತಿಯಲ್ಲಿ ಇರುವುದಿಲ್ಲ. ದಾನ ಕೊಡುವುದಿದ್ದರೆ ಬೆಲೆ ಬರೆದು ರಸೀದಿ ಪಡೆದು ಕೊಡುತ್ತೇನೆ. "ಲಾಭ ಕಡಿಮೆ ಮಾಡಿಕೊಂಡೆ" ಎಂಬ ದಾನವನ್ನು ಯಾರೂ ಅಳೆಯಲಾರರು, ಮುಂದೆ ಜಗಳಕ್ಕೆ ಅದೇ ಮೂಲ.

ಭವನದಲ್ಲಿ ಮೊದಲು ಗುರುತು ಹಾಕಬೇಕಾದ್ದು ದಾಸೋಹದ ಜಾಗ, ವೇದಿಕೆ ಆಮೇಲೆ. ಪಂಕ್ತಿಯಲ್ಲಿ ಒಬ್ಬರಿಗೆ ಎರಡಡಿ, ಅಂದರೆ 200 ಜನರ ಪಂಕ್ತಿಗೆ ಎಲ್ಲ ಸಾಲು ಸೇರಿ 400 ಅಡಿ ಉದ್ದ. ಸಾರಿನ ಬಕೆಟ್ ಹಿಡಿದವರು ಎದುರುಬದುರು ದಾಟಲು ನಾಲ್ಕಡಿ ದಾರಿ. ಅಡುಗೆಮನೆಗೆ ಒರಟು ಕಲ್ಲಿನ ನೆಲ, 10 ಅಡಿಗೆ ಎರಡಿಂಚು ಇಳಿಜಾರು. ನಯವಾದ ಗ್ರಾನೈಟ್ ಮೇಲೆ ಎಣ್ಣೆ-ನೀರು ಬಿದ್ದಾಗ ಕುದಿಯುವ ಪಾತ್ರೆ ಹೊತ್ತವರು ಜಾರುತ್ತಾರೆ. ಹೊರಚರಂಡಿಗೆ ಸೇರುವ ಮೊದಲು ಜಿಡ್ಡು ತಡೆಯುವ ತೊಟ್ಟಿ ಬೇಕು, ಇಲ್ಲವಾದರೆ ಜಾತ್ರೆಯ ದಿನವೇ ಪೈಪು ಕಟ್ಟುತ್ತದೆ.

ಹಣ ತೆಗೆಯಲು ಇಬ್ಬರ ಸಹಿ, ಪ್ರತಿ ಲೋಡಿಗೆ ಚೀಟಿ, ತಿಂಗಳಿಗೊಮ್ಮೆ ಲೆಕ್ಕದ ಪಟ್ಟಿ ನೋಟೀಸ್ ಬೋರ್ಡಿಗೆ. ಉಳಿದ ಕಬ್ಬಿಣದ ತುಂಡುಗಳನ್ನೂ ಖಾಲಿ ಸಿಮೆಂಟ್ ಚೀಲಗಳನ್ನೂ ಗುಜರಿಗೆ ಹಾಕಿ, ತೂಕ ಮತ್ತು ಬಂದ ಹಣವನ್ನು ಅದೇ ಪಟ್ಟಿಯ ಜಮಾ ಕಡೆ ಬರೆಸುತ್ತೇನೆ.