ಲ್ಯಾಬ್‌ಗೆ ಹೋದಾಗ ನಾನು ಮೊದಲು ನೋಡುವುದು ಕೈಗಳನ್ನು

ಆಸ್ಪತ್ರೆ ಲ್ಯಾಬ್‌ಗಳಲ್ಲಿ ಜೈವಿಕ ಸುರಕ್ಷತೆ ಹೇಗಿದೆ ಅಂತ ನೋಡಲು ಹೋಗುವಾಗ ಕೈಯಲ್ಲಿ ಚೆಕ್‌ಲಿಸ್ಟ್ ಇದ್ದೇ ಇರುತ್ತದೆ. ಆದರೆ ‘ಗ್ಲೌಸ್ ಹಾಕ್ತೀರಾ?’ ಅಂತ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಅದಕ್ಕೇ ಬೆಳಗಿನ ಸ್ಯಾಂಪಲ್ ಬರುವ ಹೊತ್ತಿಗೆ ಹೋಗಿ ಒಂದು ಮೂಲೆಯಲ್ಲಿ ನಿಂತುಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ನಾನಿರುವುದನ್ನೇ ಮರೆತು ಎಲ್ಲರೂ ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ರಕ್ತದ ಟ್ಯೂಬ್ ಮುಟ್ಟಿದ ಗ್ಲೌಸಿನ ಕೈ ಫೋನ್ ಎತ್ತುತ್ತದೆ, ಕೀಬೋರ್ಡ್ ಒತ್ತುತ್ತದೆ. ಆಮೇಲೆ ಬರಿಗೈಯವರು ಬಂದು ಅದೇ ಕೀಬೋರ್ಡ್ ಮುಂದೆ ಕೂರುತ್ತಾರೆ.

ಕ್ಷಯದ ಕಲ್ಚರ್ ಮಾಡುವ, ಅಂದರೆ ರೋಗಾಣು ಬೆಳೆಸಿ ನೋಡುವ ಕಡೆ, ಬಯೋಸೇಫ್ಟಿ ಕ್ಯಾಬಿನೆಟ್ (ರೋಗಾಣು ಹೊರಬರದಂತೆ ತಡೆಯುವ, ಮುಂದೆ ತೆರೆದಿರುವ ಪೆಟ್ಟಿಗೆ) ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಅಲ್ಲಿ ಕೂತವರನ್ನು ಕಾಯುವುದು ಕ್ಯಾಬಿನೆಟ್ ಒಳಕ್ಕೆ ಎಳೆದುಕೊಳ್ಳುವ ಗಾಳಿ. ಮುಂದಿನ ಅಂಚಿನ ಜಾಲರಿಯಿಂದ ಅದು ಕೆಳಗಿಳಿಯಬೇಕು. ಎಷ್ಟೋ ಕಡೆ ಆ ಜಾಲರಿ ಮೇಲೇ ನೋಟ್‌ಬುಕ್ ಇಟ್ಟಿರುತ್ತಾರೆ. ಟಿಶ್ಯೂ ಪೇಪರಿನ ಸಣ್ಣ ಪಟ್ಟಿ ಹಿಡಿದು ತೋರಿಸುತ್ತೇನೆ. ಜಾಲರಿ ಖಾಲಿ ಇದ್ದಲ್ಲಿ ಪಟ್ಟಿ ಒಳಕ್ಕೆ ಬಾಗುತ್ತದೆ, ನೋಟ್‌ಬುಕ್ ಇದ್ದಲ್ಲಿ ಸುಮ್ನೆ ಜೋತಾಡುತ್ತದೆ. ಇದು ಕಣ್ಣಳತೆ ಅಷ್ಟೇ. ಗಾಳಿಯ ವೇಗ, ರೋಗಾಣು ಹಿಡಿದಿಡುವ ಹೆಪಾ ಫಿಲ್ಟರ್‌ನ ಸೋರಿಕೆ ಇವನ್ನು ವರ್ಷಕ್ಕೊಮ್ಮೆ ಉಪಕರಣ ತರಿಸಿ ಅಳೆಸಲೇಬೇಕು.

ರಿಜಿಸ್ಟರ್ ಆಮೇಲೆ. ಒಂದು ಲ್ಯಾಬ್‌ನ ಆಟೋಕ್ಲೇವ್ (ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) ಪುಸ್ತಕದಲ್ಲಿ ಇಡೀ ತಿಂಗಳು ಒಂದೇ ಪೆನ್ನು, ಒಂದೇ ಕೈಬರಹ, ದಿನಾ 121 ಡಿಗ್ರಿ. ನಾನೇನೂ ಅನ್ನಲಿಲ್ಲ. ಶಾಖ ತಡೆಯುವ ಬ್ಯಾಕ್ಟೀರಿಯಾದ ಸ್ಪೋರ್ (ಗಟ್ಟಿ ಕವಚದ ಸುಪ್ತ ರೂಪ) ಇರುವ ಪುಟ್ಟ ಸೀಸೆಯನ್ನು ಕಸದ ಚೀಲದ ನಟ್ಟನಡುವೆ ಹುದುಗಿಸಿ, ಎಂದಿನ ಹಾಗೇ ಓಡಿಸಿ ಅಂದೆ. ಆಮೇಲೆ ಬೆಚ್ಚಗಿಡುವ ಇನ್‌ಕ್ಯುಬೇಟರ್‌ನಲ್ಲಿಟ್ಟರೆ ಸೀಸೆಯ ದ್ರವದ ನೇರಳೆ ಬಣ್ಣ ಹಳದಿಗೆ ತಿರುಗಿತು. ಅಂದರೆ ಸ್ಪೋರ್ ಸತ್ತಿರಲಿಲ್ಲ. ಯಂತ್ರ ಸರಿಯಾಗೇ ಇತ್ತು. ಚೀಲವನ್ನು ಬಾಯಿ ತನಕ ತುಂಬಿ ಬಿಗಿಯಾಗಿ ಕಟ್ಟಿದ್ದರಿಂದ ಹಬೆ ಒಳಗೆ ಹೋಗಿರಲಿಲ್ಲ. ಕಡಿಮೆ ತುಂಬಿ, ಬಾಯಿ ಸಡಿಲ ಬಿಟ್ಟು ಮತ್ತೆ ಓಡಿಸಿದಾಗ ಬಣ್ಣ ಬದಲಾಗಲಿಲ್ಲ. ಮೈಕ್ರೋಬಯಾಲಜಿ ಕಸವನ್ನು ಲ್ಯಾಬ್‌ನಲ್ಲೇ ಸೋಂಕು ಕಳೆದು ಹೊರಗೆ ಕಳಿಸಬೇಕು ಅಂತ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳೇ ಹೇಳುತ್ತವೆ. ಆ ಚೀಲಗಳು ಹಾಗೇ ಹೋಗುತ್ತಿದ್ದವಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಲ್ಯಾಬ್‌ನ ನಿಜ ಸ್ಥಿತಿ ಯಾರಿಗಿಂತ ಚೆನ್ನಾಗಿ ಗೊತ್ತಿರುವುದು ಕಸ ತೆಗೆಯುವ ಅಕ್ಕನಿಗೆ. ಒಬ್ಬರು ಹೇಳಿದರು: “ಬಿಳಿ ಡಬ್ಬ ತುಂಬಿದ್ರೂ ಸೂಜಿ ತುರುಕ್ತಾರೆ ಮೇಡಂ. ನಾನೇ ಅಲ್ಲಾಡಿಸಿ ಕೆಳಗಿಳಿಸ್ತೀನಿ.” ಮುಕ್ಕಾಲು ತುಂಬಿದ ಕೂಡಲೇ ಮುಚ್ಚಬೇಕಾದ ಡಬ್ಬ ಅದು! ಸೂಜಿ ಚುಚ್ಚಿದರೆ ಎಲ್ಲಿಗೆ ಹೋಗ್ತೀರಿ ಅಂತ ಕೇಳಿದೆ. ನಲ್ಲಿ ತೋರಿಸಿದರು. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಟೆಕ್ನಿಷಿಯನ್‌ಗಳಿಗೆಲ್ಲ ಹೆಪಟೈಟಿಸ್ ಬಿ ಲಸಿಕೆ ಆಗಿತ್ತು. ಗುತ್ತಿಗೆಯವರು ಅನ್ನೋ ಕಾರಣಕ್ಕೆ ಇವರಿಗೆ ಆಗಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಸೂಜಿ ಹೊರುವವರು ಇವರೇ ಅಲ್ವಾ?

ಇಂಥದ್ದು ಕಂಡಾಗ ವರದಿಯಲ್ಲಿ ಎಲ್ಲಕ್ಕಿಂತ ಮೇಲೆ ಅದನ್ನೇ ಬರೆಯುತ್ತೇನೆ. ಲಸಿಕೆಯ ಮೂರು ಡೋಸ್‌ನಲ್ಲಿ ಮೊದಲನೆಯದು ಯಾವತ್ತು ಅಂತ ತಾರೀಖು ಬರೆಸಿಕೊಂಡೇ ಅಲ್ಲಿಂದ ಹೊರಡುತ್ತೇನೆ.